ಟೆನ್ಶನ್ ತಗೋಬ್ಯಾಡ್ರಿ

ಚಿಂತೆ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೂ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಒಂದು ಕೊರಗಿದೆ: ನಮ್ಮ ಶಹಾಪುರದಲ್ಲಿ ಈಗ ಯಾರೂ ಚಿಂತೆ ಮಾಡುವುದಿಲ್ಲ, ಎಲ್ಲರೂ ಟೆನ್ಶನ್ ತಗೊಳ್ಳುತ್ತಾರೆ. ಚಿಂತೆಯನ್ನು ಪಾಪ ನಾವೇ ಕೂತು ಮಾಡಬೇಕಿತ್ತು. ಟೆನ್ಶನ್ನಿಗೆ ಕೊಡುವವರೂ ಇದ್ದಾರೆ, ತಗೊಳ್ಳುವವರೂ ಇದ್ದಾರೆ. ಗೋಗಿ ಊರಿಗೆ ಹೋಗುವ ಆಟೊದಲ್ಲಿ ಅರ್ಧ ಮೈ ಹೊರಗೆ ಹಾಕಿ ಕೂತವರಿಗೂ ಡ್ರೈವರು "ಟೆನ್ಶನ್ ತಗೋಬ್ಯಾಡ್ರಿ" ಎನ್ನುತ್ತಾನೆ. ನಮ್ಮ ಮನೆಯವರಂತೂ ಬೆಳಿಗ್ಗೆ ಎದ್ದ ಕೂಡಲೇ ನನಗೆ ಅದನ್ನೇ ಹೇಳುತ್ತಾರೆ. ಬೇಡವೆಂದಷ್ಟೂ ನಾನು ತಗೊಳ್ಳುತ್ತೇನೆ.

ಮೊನ್ನೆ ತಗೊಳ್ಳಲು ಕಾರಣವೂ ಇತ್ತು. ಮರುದಿನ ಸುರಪುರದ ಗಂಡಿನವರ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಅವಳು ತೊಡಬೇಕಾದ ರೇಷ್ಮೆ ಸೀರೆಯ ಜಂಪರು ಇನ್ನೂ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ಹಸೀನಾ ಆಪಾಳ ಮಷೀನಿನ ಮೇಲಿತ್ತು. ಮಧ್ಯಾಹ್ನ ಹೋಗಿ ಅವಳ ಬಾಗಿಲ ಬೆಂಚಿನ ಮೇಲೆ ಕೂತೇಬಿಟ್ಟೆ. ಹೊರಗೆ ಬಿಸಿಲು, ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ತಿರುಗುವ ಫ್ಯಾನು, ಎದುರಿಗೆ ಮಷೀನಿನ ಕಟಕಟ. ಕಣ್ಣು ಎಳೆಯತೊಡಗಿತು. ಅರೆನಿದ್ದೆಯಲ್ಲಿ ಮಗಳು ಮತ್ತೆ ಸಣ್ಣವಳಾಗಿ, ರೇಷ್ಮೆಯ ಯೂನಿಫಾರ್ಮು ತೊಟ್ಟು, ನನ್ನ ಕೈ ಬಿಡಿಸಿಕೊಂಡು ಶಾಲೆಗೆ ಓಡುತ್ತಿದ್ದಳು. ಯೂನಿಫಾರ್ಮಿಗೆ ತೋಳು ಒಂದೇ ಇತ್ತು. ಶಾಲೆಯ ಗೇಟಿನಲ್ಲಿ ಬೀಗರೆಲ್ಲ ಸಾಲಾಗಿ ನಿಂತು ನಗುತ್ತಿದ್ದರು. ಅಷ್ಟರಲ್ಲಿ ಮಷೀನು ನಿಂತಿತು.

"ಟೆನ್ಶನ್ ಭಾಳ ಆಗ್ಯಾದ," ಎಂದು ಹಸೀನಾ ಆಪಾ ನಿಟ್ಟುಸಿರು ಬಿಟ್ಟಳು. ನನ್ನ ಗಡಿಬಿಡಿಯಿಂದಲೇ ಇವಳಿಗೆ ಹೀಗಾಯಿತೆಂದು ಎದ್ದುಹೋಗಿ ಅವಳ ಕೈ ಹಿಡಿದೆ. "ತಗೋಬ್ಯಾಡ ಆಪಾ. ಒಂದೀಟು ಚಾ ಕುಡಿ. ಎಲ್ಲಾ ದೇವ್ರು ನೋಡ್ಕೋತಾನ."

ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು. "ನಂದಲ್ರೀ ಅಕ್ಕೋರೇ, ಮಷೀನಿಂದು! ಬಿಗಿ ಆಗ್ಯಾದ, ದಾರ ಹರಿಯಾಕತ್ತದ." ನಗುತ್ತಲೇ ಪುಟ್ಟದೊಂದು ತಿರುಪನ್ನು ಸಡಿಲಿಸಿದಳು. ಮಷೀನು ಮತ್ತೆ ಓಡತೊಡಗಿತು. ನನ್ನ ಮೈಯಲ್ಲೂ ಅಂಥದೊಂದು ತಿರುಪು ಎಲ್ಲಾದರೂ ಇರಬಹುದೇ ಎಂದು ಸುಮ್ಮನೆ ಕುತ್ತಿಗೆ ಸವರಿಕೊಂಡೆ.

ಸಂಜೆ ಜಂಪರು ಕೈಗೆ ಬಂತು, ಎರಡೂ ತೋಳಿನ ಸಮೇತ. ಮಗಳು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ನನ್ನ ಕಣ್ಣು ತುಂಬಿ ಬಂತು. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಯಿತು, ತಗೊಳ್ಳಲು ಏನೂ ಉಳಿದಿರಲಿಲ್ಲ. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

"ಛಲೋ ಆಗ್ಯಾದ. ನಿಂದು ಎಲ್ಲಿ ಅದ?"

ನನ್ನ ಜಂಪರ್ ಪೀಸು ಬೀರುವಿನಲ್ಲಿತ್ತು. ಅಂಗಡಿಯವನು ಮಡಚಿಕೊಟ್ಟ ಮಡಿಕೆಯನ್ನೂ ಬಿಚ್ಚದೆ, ಯಾವ ಟೆನ್ಶನ್ನೂ ತಗೊಳ್ಳದೆ ಹಾಯಾಗಿ ಮಲಗಿತ್ತು.