ಮಾವನ ದೋಟಿಯ ಹಿಂದಿನ ತುದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕು ಹುಡುಕಿದರೂ ನಮ್ಮ ಸೋದರಮಾವನಷ್ಟು ಉದ್ದದ ಮನುಷ್ಯ ಸಿಗುವುದಿಲ್ಲ! ಆಳು ನೋಡಿದರೆ ನನ್ನ ಕಿವಿಯವರೆಗೆ ಬಂದಾನು, ಅದೂ ಹಿಮ್ಮಡಿ ಎತ್ತಿದರೆ. ಆದರೆ ಹೆಗಲ ಮೇಲೆ ಬಿದಿರಿನ ದೋಟಿ ಹೊತ್ತು ಕೆಲಸಕ್ಕೆ ಹೊರಟನೆಂದರೆ, ಅವನ ಮುಂದಿನ ತುದಿ ಔಷಧಿ ಅಂಗಡಿ ದಾಟಿದ್ದರೂ ಹಿಂದಿನ ತುದಿ ಹೂವಿನಂಗಡಿಯ ಮುಂದೆಯೇ ಇರುತ್ತದೆ. ರಸ್ತೆ ದಾಟಬೇಕಾದವರು ಎರಡೂ ಬದಿಗೆ ನಿಂತು, ಗೂಡ್ಸು ಗಾಡಿ ಹೋಗಲೆಂದು ಗೇಟಿನಲ್ಲಿ ಕಾಯುವವರ ಹಾಗೆ ಕಾಯುತ್ತಾರೆ. ಶಿರಸಿಗೆ ಇನ್ನೂ ರೈಲು ಬಂದಿಲ್ಲವೆಂದು ಯಾರು ಹೇಳಿದ್ದು?

ಮಾವನ ಉದ್ಯೋಗ ಕಿಟಕಿ ಒರೆಸುವುದು. ನಗಬೇಡಿ. ಈಗ ಶಿರಸಿಯಲ್ಲಿ ಅಂಗಡಿ ಕಟ್ಟಿಸಿದವರೆಲ್ಲ ಮುಂಭಾಗಕ್ಕೆ ನೆಲದಿಂದ ಮಾಳಿಗೆಯವರೆಗೆ ನೀಲಿ ಗಾಜು ಹಾಕಿಸುತ್ತಾರೆ. ನಮ್ಮೂರಿನ ಕೆಂಪು ಧೂಳಿಗೂ ನೀಲಿ ಗಾಜಿಗೂ ಅದೇನು ಪ್ರೀತಿಯೋ, ನಾಲ್ಕು ದಿನದಲ್ಲಿ ಎರಡೂ ಸೇರಿ ಕಾಫಿ ಬಣ್ಣಕ್ಕೆ ತಿರುಗುತ್ತವೆ. ಆಗ ಮಾವನಿಗೆ ಫೋನು ಬರುತ್ತದೆ. ಉದ್ದದ ಬಿದಿರಿನ ತುದಿಗೆ ಬ್ರಷ್ಷು, ರಬ್ಬರು ಪಟ್ಟಿ ಕಟ್ಟಿಕೊಂಡು, ನೆಲದ ಮೇಲೇ ನಿಂತು ಮಾಳಿಗೆಯ ಗಾಜು ಫಳಫಳ ಮಾಡಿ ಬರುತ್ತಾನೆ. ಬಿದಿರು ನಮ್ಮ ಕಡೆ ಅಡಿಕೆ ಕೊಯ್ಯುವ ದೋಟಿಯ ಹಾಗೆಯೇ ಇರುವುದರಿಂದ ಅದಕ್ಕೂ ದೋಟಿ ಎಂದೇ ಹೆಸರು. ಹೊಸಬರು ಅವನನ್ನು ನಿಲ್ಲಿಸಿ ನಮ್ಮ ತೋಟಕ್ಕೆ ಕೊಯ್ಲಿಗೆ ಯಾವಾಗ ಬರುತ್ತೀ ಎಂದು ಕೇಳುವುದುಂಟು. ಮಾವ ಬಹಳ ಗಂಭೀರವಾಗಿ, ನಿಮ್ಮ ಮರಕ್ಕೆ ಗಾಜು ಹಾಕಿಸಿದ್ದೀರಾ ಎಂದು ವಿಚಾರಿಸುತ್ತಾನೆ.

ಈ ದೋಟಿಗೆ ಎರಡು ತುದಿ. ಮುಂದಿನದು ಮಾವನದು, ಹಿಂದಿನದು ಅತ್ತೆಯದು. ಅವರಿಗೆ ಮಕ್ಕಳಿಲ್ಲ, ಮನೆಯಲ್ಲಿ ಇನ್ನೊಬ್ಬರಿಲ್ಲ. ಹಿಂದೆ ಹಿಡಿಯುವವರಿಲ್ಲದಿದ್ದರೆ ತಿರುವಿನಲ್ಲಿ ಬಾಲ ಬೀಸಿ ನಾಲ್ಕು ಜನರ ಹಲ್ಲು ಉದುರುತ್ತದೆಂದು ಮಾವ ಹೇಳಿದ ದಿನದಿಂದ ಅತ್ತೆ ಸೆರಗು ಸಿಕ್ಕಿಸಿ ಹಿಂದಿನ ತುದಿ ಹಿಡಿದವಳು. ಮುಂದೆ ನಡೆಯುವವನು ಹಿಂದಕ್ಕೆ ತಿರುಗುವಂತಿಲ್ಲ. ತಿರುಗಿದರೆ ದೋಟಿಯೂ ತಿರುಗಿ ಹಣ್ಣಿನ ಗಾಡಿಗಳು ಮಗುಚುತ್ತವೆ. ಹಾಗಾಗಿ ಮಾವ ಎದುರಿನ ರಸ್ತೆಗೆ ಮುಖ ಮಾಡಿ ದೊಡ್ಡ ದನಿಯಲ್ಲಿ ಕೇಳುತ್ತಾನೆ, ಅತ್ತೆ ಅವನ ಬೆನ್ನಿಗೆ ಅಷ್ಟೇ ದೊಡ್ಡ ದನಿಯಲ್ಲಿ ಉತ್ತರಿಸುತ್ತಾಳೆ. ಅವರ ಸಂಸಾರದ ಮಾತುಕತೆಯೆಲ್ಲ ಐದು ರಸ್ತೆ ಸರ್ಕಲ್ಲಿನ ನಡುವೆಯೇ ನಡೆಯುವುದು! ನಿನ್ನೆಯ ಹುಳಿಗೆ ಉಪ್ಪು ಸಾಲಲಿಲ್ಲವಂತಲ್ಲ ಎಂದು ತರಕಾರಿಯವಳು ನನ್ನ ಹತ್ತಿರ ವಿಚಾರಿಸಿದ್ದಾಳೆ. ನನಗೇ ಗೊತ್ತಿರಲಿಲ್ಲ.

ಹೀಗಿರುವಾಗ ಅತ್ತೆಯ ಮಂಡಿ ಕೈಕೊಟ್ಟಿತು. ಸವೆದಿದೆ, ನಡೆಯುವುದು ಕಡಿಮೆ ಮಾಡಿ ಎಂದರು ಡಾಕ್ಟರು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು. ಇಡೀ ಊರಿಗೆ ಕೇಳುವಂತೆ ಮಾತಾಡುತ್ತಿದ್ದವಳು ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವವಳಾದಳು. ಮಾವನೋ, ಬಂದ ಕೆಲಸಕ್ಕೆಲ್ಲ ನಾಳೆ ನೋಡೋಣ ಎನ್ನತೊಡಗಿದ. ಹಿಂದಿನ ತುದಿಗೆ ಒಂದು ವ್ಯವಸ್ಥೆಯಾಗದಿದ್ದರೆ ಇವನು ದೋಟಿಯನ್ನು ಅಟ್ಟಕ್ಕೆ ಹಾಕಿ ತಾನೂ ಇನ್ನೊಂದು ಕುರ್ಚಿ ಹಾಕಿಕೊಂಡು ಕೂರುತ್ತಾನೆಂದು ನಮಗೆಲ್ಲ ಹೆದರಿಕೆಯಾಯಿತು. ನಾನು ಪಕ್ಕದ ಬೀದಿಯಲ್ಲೇ ಇರುವ ಹೈಸ್ಕೂಲು ಟೀಚರು. ಊರಿನವರ ಮಕ್ಕಳನ್ನೆಲ್ಲ ದಾರಿಗೆ ತರುವವಳು ಸ್ವಂತ ಮಾವನನ್ನು ದಾರಿಗೆ ತರಲಾರೆನೇ?

ಹುಬ್ಬಳ್ಳಿಯಿಂದ ಅಲ್ಯೂಮಿನಿಯಮ್ ಕೋಲು ತರಿಸಿದೆ. ಒಂದರೊಳಗೊಂದು ತೂರಿಕೊಳ್ಳುವಂಥದ್ದು; ಮಡಿಸಿದರೆ ಕೊಡೆಗಿಂತ ಸ್ವಲ್ಪ ಉದ್ದ, ಚೀಲಕ್ಕೆ ಹಾಕಿಕೊಂಡು ಒಬ್ಬನೇ ಹೋಗಬಹುದು. ಮಾವ ಅದನ್ನು ಬೆಕ್ಕು ಹೊಸ ನಾಯಿಮರಿಯನ್ನು ನೋಡುವ ಹಾಗೆ ನೋಡಿದ. ನನ್ನ ಒತ್ತಾಯಕ್ಕೆ ಬಟ್ಟೆ ಅಂಗಡಿಗೆ ತೆಗೆದುಕೊಂಡು ಹೋದ. ಅರ್ಧ ಗಾಜು ಮುಗಿಯುವಷ್ಟರಲ್ಲಿ ಕೋಲು ಸರಕ್ಕನೆ ತನ್ನೊಳಗೇ ಕುಸಿದು, ನೊರೆ ತುಂಬಿದ ಬ್ರಷ್ಷು ಬಾಗಿಲಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದ ಗೊಂಬೆಯ ತಲೆಗೆ ಬಿತ್ತು. ಗೊಂಬೆಯೇನೋ ನಗುನಗುತ್ತಲೇ ನಿಂತಿತ್ತು, ಅಂಗಡಿಯವರು ನಗಲಿಲ್ಲ. ಸಂಜೆ ಮಾವ ಕೋಲನ್ನು ನನ್ನ ಕೈಗೆ ವಾಪಸು ಕೊಟ್ಟ.

“ಎದ್ದು ನಿಂತವ ಕೆಲಸದ ಮಧ್ಯದಲ್ಲಿ ಕೂತ್ಗಂಡ್ರೆ, ಅವನ ನಂಬಲೆ ಆಗ್ತನೆ?”

ಈಗ ಆ ಕೋಲು ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುತ್ತದೆ. ಆಗಾಗ ಕೂರುತ್ತದೆ, ನಿಜ.

ಹೊರುವುದೇ ಕಷ್ಟವಾದರೆ ಹೊರುವುದೇ ಬೇಡ, ಕೆಲಸ ಇರುವಲ್ಲೆಲ್ಲ ಒಂದೊಂದು ದೋಟಿ ಇಟ್ಟುಬಿಡು ಎಂದೆ. ಇದು ಅವನಿಗೆ ಹಿಡಿಸಿತು. ಊರಿಗೊಂದು ಸಂಸಾರ ಇಟ್ಟವರ ಕಥೆ ನೀವು ಕೇಳಿರಬಹುದು. ನಮ್ಮ ಮಾವ ಊರಿಗೊಂದು ದೋಟಿ ಇಡಲು ಹೊರಟ. ಆದರೆ ಇಡುವುದೆಂದರೆ ಸುಮ್ಮನೆಯೇ? ಬಿದಿರನ್ನು ಗೋಡೆಗೆ ಒರಗಿಸಿದರೆ ಸೊಂಟ ಬಾಗುತ್ತದೆ, ನೆಲದ ಮೇಲೆ ಹಾಕಿದರೆ ಗೆದ್ದಲು ಹಿಡಿಯುತ್ತದೆ. ಮಲಗಿಸಿದ ಹಾಗೂ ಇರಬೇಕು, ನೆಲ ಮುಟ್ಟಲೂಬಾರದು. ನೆಂಟರ ಮನೆಗೆ ಹೋದರೆ ಮಾವ ಆರಾಮವೇ ಎಂದು ಕೇಳುವುದನ್ನು ಬಿಟ್ಟ. ಮೊದಲು ಕೇಳುವುದೇ ನಿಮ್ಮ ಜಗುಲಿ ಎಷ್ಟು ಉದ್ದ ಎಂದು. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತವನು ಎಲೆ ಬಿಟ್ಟು ತಲೆಯ ಮೇಲಿನ ಮಾಡು ನೋಡುತ್ತಿದ್ದ.

ಸಿದ್ದಾಪುರದ ಕಡೆಯ ದೋಟಿಗೆ ಹೇರೂರಿನ ದೊಡ್ಡಮ್ಮನ ಮನೆ ಒದಗಿತು. ಉದ್ದನೆಯ ಪಡಸಾಲೆ. ಮಾವ ತೊಲೆಗೆ ಎರಡು ಹಗ್ಗ ಕಟ್ಟಿ, ಉಯ್ಯಾಲೆಯ ಹಾಗೆ ದೋಟಿಯನ್ನು ತೂಗುಹಾಕಿ ಬಂದ. ದೊಡ್ಡಮ್ಮನಿಗೆ ಬಹಳ ಖುಷಿಯಾಯಿತು. ಇಷ್ಟು ವರ್ಷಕ್ಕೆ ಒಬ್ಬನಾದರೂ ಮಡಿಬಟ್ಟೆ ಒಣಗಿಸಲು ಸರಿಯಾದ ಗಳ ಕಟ್ಟಿಕೊಟ್ಟನಲ್ಲ! ಅವಳ ಮಡಿ ಅಂದರೆ ಸಾಮಾನ್ಯದ್ದಲ್ಲ. ಗಾಳಿ ಕೂಡ ಕೇಳಿಕೊಂಡು ಒಳಗೆ ಬರಬೇಕು. ಒಂದು ದಿನ ಸಿದ್ದಾಪುರದ ಕಲ್ಯಾಣ ಮಂಟಪದ ಗಾಜು ಒರೆಸಬೇಕೆಂದು ಮಾವ ಬೆಳಗ್ಗೆಯೇ ಹೋದರೆ, ದೋಟಿಯ ಮೇಲೆ ದೊಡ್ಡಮ್ಮನ ಮಡಿ ಸೀರೆ. ಮುಟ್ಟುವ ಹಾಗಿಲ್ಲ. ಅಲ್ಲಿ ಮುಹೂರ್ತ ಹತ್ತಿರ ಬರುತ್ತಿದೆ, ಇಲ್ಲಿ ಸೀರೆ ಒಣಗುತ್ತಿಲ್ಲ. ಕೊನೆಗೆ ದೊಡ್ಡಮ್ಮನೇ ದಾರಿ ತೋರಿಸಿದಳು.

“ಸ್ನಾನ ಮಾಡ್ಕ್ಯಂಡು ಬಾ. ಬರುವಾಗ ಅದಕ್ಕೂ ಮಾಡಿಸ್ಕ್ಯಂಡು ಬಾ.”

ಅದಕ್ಕೆ ಎಂದರೆ ದೋಟಿಗೆ! ಮಾವ ಒದ್ದೆ ಪಂಚೆಯಲ್ಲಿ ದೋಟಿ ಇಳಿಸಿಕೊಂಡು ಹೋದ. ಸಂಜೆ ಬಾವಿಕಟ್ಟೆಯಲ್ಲಿ ಅದಕ್ಕೆ ತಲೆಯಿಂದ ಕಾಲಿನವರೆಗೆ ನೀರು ಹೊಯ್ದು ಒಳಗೆ ತಂದ. ಆಮೇಲೂ ಹಾಗೆಯೇ ನಡೆಯಿತು. ದೋಟಿಗೆ ಉಪನಯನವೊಂದು ಬಾಕಿ ಇತ್ತು ನೋಡಿ, ಅಷ್ಟರಲ್ಲಿ ಮಾವನಿಗೆ ನೆಗಡಿಯಾಗಿ ಹೇರೂರಿನ ಶಾಖೆ ಮುಚ್ಚಿತು.

ಯಲ್ಲಾಪುರದ ಕಥೆ ಹೇಳಬೇಡವೆಂದು ಮಾವ ಕೈ ಮುಗಿದಿದ್ದಾನೆ. ಹೇಳದೆ ಇರುವುದು ಹೇಗೆ? ಹೆದ್ದಾರಿ ಬದಿಯಲ್ಲಿ ಮರದ ವ್ಯಾಪಾರದವರದ್ದೊಂದು ಮೂರಂತಸ್ತಿನ ಮನೆ. ಹಾವೇರಿ ಕಡೆಯಿಂದ ಬಂದು ನೆಲೆಸಿದವರು, ದೋಟಿಗೆ ಜಾಗ ಕೊಡಲು ಒಪ್ಪಿದ್ದರು. ಆ ಮನೆಯ ಅಜ್ಜನಿಗೆ ಕೆಲವು ದಿನಗಳಿಂದ ಮೈಯಲ್ಲಿ ಹುಷಾರಿಲ್ಲವೆಂದು ಕೇರಿಗೆಲ್ಲ ಗೊತ್ತಿತ್ತು, ಮಾವನೊಬ್ಬನಿಗೆ ಗೊತ್ತಿರಲಿಲ್ಲ. ಅಲ್ಲಿಯೇ ಡಿಪೋದಲ್ಲಿ, ಒಂದು ಸೀಳಿದರೆ ಇನ್ನೊಂದಿರಲಿ ಎಂದು ಎರಡು ಹಸಿ ಬಿದಿರು ಆರಿಸಿಕೊಂಡು ಬಂದು ಅವರ ಮನೆಯ ಮುಂದೆ ಅಕ್ಕಪಕ್ಕ ಮಲಗಿಸಿದ. ಪಕ್ಕದಲ್ಲಿ ತೂಗುಹಾಕಲು ತಂದ ಕತ್ತದ ಹಗ್ಗ. ಅದರ ಮೇಲೆ ಗಾಜು ಒರೆಸಲು ತಂದ ಬಿಳಿ ಬಟ್ಟೆಯ ಗಂಟು. ಇಷ್ಟು ಇಟ್ಟು, ಚಾ ಕುಡಿದು ಬರುತ್ತೇನೆಂದು ಹೋದ!

ಹಸಿ ಬಿದಿರು, ಹಗ್ಗ, ಬಿಳಿ ಬಟ್ಟೆ. ಒಂದು ಮಡಕೆ ಇರಲಿಲ್ಲ ಅಷ್ಟೆ. ಮಾವ ಚಾ ಮುಗಿಸಿ ಬರುವಾಗ ಕೇರಿಯ ಗಂಡಸರು ಹೆಗಲಿಗೆ ಟವೆಲು ಹಾಕಿಕೊಂಡು ಗುಂಪುಗೂಡಿದ್ದರು. ಯಾರೋ ಹೂವಿನ ಹಾರ ತಂದಿದ್ದರು. ಒಬ್ಬರು ಅಜ್ಜನ ಒಳ್ಳೆಯ ಗುಣಗಳನ್ನು ನೆನೆಯುತ್ತಿದ್ದರು. ಮಾವನೂ ಟೋಪಿ ತೆಗೆದು ಅವರ ಜೊತೆ ತಲೆ ತಗ್ಗಿಸಿ ನಿಂತ. ಅಷ್ಟರಲ್ಲಿ ಬಾಗಿಲು ತೆರೆದು, ಕಂಬಳಿ ಹೊದ್ದ ಅಜ್ಜನೇ ಹೊರಗೆ ಬಂದ.

“ಯಾರು ತೀರ್ಕೊಂಡ್ರಪಾ? ನನಗ್ಯಾಕ ಹೇಳಿಲ್ಲ?”

ಹಾರ ತಂದವರು ಅದನ್ನು ಹಿಂದೆ ಮುಚ್ಚಿಟ್ಟುಕೊಂಡರು. ವಿಷಯ ತಿಳಿದ ಮೇಲೆ ಅಜ್ಜ ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ, ಬಂದವರಿಗೆಲ್ಲ ಅವಲಕ್ಕಿ, ಚಾ ಮಾಡಿಸಿದ. ಅಂದಿನಿಂದ ಅಜ್ಜನಿಗೆ ಆರೋಗ್ಯ ಸುಧಾರಿಸಿತಂತೆ. ಆದರೆ ಮನೆಯ ಹೆಂಗಸರು ಮಾತ್ರ ಆ ಬಿದಿರನ್ನು ತಮ್ಮ ಮನೆಯ ಮುಂದೆ ಇನ್ನೊಮ್ಮೆ ಇಡಕೂಡದೆಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಇಡುವ ಹಾದಿ ಮುಚ್ಚಿತು. ಮತ್ತೆ ಹೊರುವುದೇ ಗತಿ. ಅತ್ತೆಯ ಜಾಗಕ್ಕೆ ಬೇರೆಯವರನ್ನು ಹುಡುಕಿದೆವು. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು, ಕೂತು ಬೇಜಾರಾಗಿದೆಯೆಂದು ತಾವಾಗಿಯೇ ಬಂದರು. ದೋಟಿಯ ಹಿಂದಿನ ತುದಿ ಕೈಗೆ ಸಿಕ್ಕಿದ್ದೇ ತಡ, ಅವರಿಗೆ ಸರ್ವೀಸೆಲ್ಲ ನೆನಪಾಯಿತು. ಹೊರಡುವಾಗ ರೈಟ್, ಪ್ರತಿ ಬಸ್ ಸ್ಟಾಪಿನಲ್ಲೂ ಹೋಲ್ಡಾನ್! ಮಾವ ಪಾಪ, ನಿಲ್ಲು ಎಂದಲ್ಲೆಲ್ಲ ನಿಂತ. ದೇವಿಕೆರೆ ಹತ್ತಿರದ ಬ್ಯಾಂಕಿಗೆ ಮುಟ್ಟುವಷ್ಟರಲ್ಲಿ ಬ್ಯಾಂಕು ಮುಚ್ಚಿತ್ತು. ಮನೆಗೆ ಬಂದ ಮಾವ, ಆ ಮನುಷ್ಯನಿಗೆ ಒಂದು ಒಳ್ಳೆಯ ಮಾತು ಆಡಲು ಬರುವುದಿಲ್ಲ ಎಂದು ದೂರಿದ. ದೋಟಿ ಹಿಡಿಯಲು ಮಾತು ಯಾಕೆ ಬೇಕೆಂದು ನನಗೆ ಅರ್ಥವಾಗಲಿಲ್ಲ. ಅತ್ತೆ ಕುರ್ಚಿಯಲ್ಲಿ ಕುಳಿತು ಬಾಗಿಲಾಚೆ ನೋಡುತ್ತಿದ್ದಳು.

ಕೊನೆಗೆ ಒಂದು ಭಾನುವಾರ ನಾನೇ ಹಿಡಿಯುತ್ತೇನೆಂದು ಹೊರಟೆ. ನನ್ನ ವಿದ್ಯಾರ್ಥಿಗಳು ಯಾರೂ ಎದುರಾಗದಿರಲಿ ಎಂದು ದೇವರಿಗೆ ಹೇಳಿಕೊಂಡು, ಮುಖಕ್ಕೆ ಅರ್ಧ ಸೆರಗು ಎಳೆದುಕೊಂಡು ಹಿಂದಿನ ತುದಿ ಹಿಡಿದೆ. ಮಾವ ಮುಂದೆ. ಬಿದಿರಿನ ದಪ್ಪ ಬುಡ ಅವನ ಕಡೆ, ಅದರ ತುದಿಗೆ ನೇತುಹಾಕಿದ ಬಕೆಟ್ಟು. ಐದು ರಸ್ತೆಗೆ ಬಂದಾಗ ಬ್ಯಾಗಿನಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಅಭ್ಯಾಸಬಲ ನೋಡಿ, ಎರಡೂ ಕೈ ಬ್ಯಾಗಿಗೆ ಹೋದವು. ದೋಟಿ ಬಿಟ್ಟುಹೋಯಿತೆಂದು ಆಮೇಲೆ ಹೊಳೆಯಿತು.

ದೋಟಿ ಬೀಳಲಿಲ್ಲ. ಬೀಳುವುದಿರಲಿ, ಒಂದು ಗೇಣು ಕೂಡ ತಗ್ಗಲಿಲ್ಲ. ತಕ್ಕಡಿಯ ದಂಡಿಗೆಯ ಹಾಗೆ ಮಾವನ ಹೆಗಲ ಮೇಲೆ ಸಮನಾಗಿ ನಿಂತು ಮುಂದೆ ಹೋಗುತ್ತಲೇ ಇತ್ತು. ದಪ್ಪ ಬುಡವನ್ನೂ ಬಕೆಟ್ಟನ್ನೂ ತನ್ನ ಕಡೆಗೆ ಮಾಡಿಕೊಂಡು ಇಡೀ ಭಾರವನ್ನು ಅವನೇ ಹೊತ್ತಿದ್ದ. ಹಿಂದಿನ ತುದಿಗೆ ಅವನು ಉಳಿಸಿದ್ದು ಕೈ ಇಟ್ಟುಕೊಳ್ಳುವ ಜಾಗ ಮಾತ್ರ. ತಿರುವು ಬಂತು. ಮಾವ ನಿಂತು, ಬುಡವನ್ನು ಸ್ವಲ್ಪ ತಗ್ಗಿಸಿ, ಬಾಲವನ್ನು ಜನರ ತಲೆಗಿಂತ ಮೇಲೆತ್ತಿ, ಯಾರಿಗೂ ತಾಗಿಸದೆ ಒಬ್ಬನೇ ಚೆಂದವಾಗಿ ತಿರುಗಿದ. ನಾನು ಖಾಲಿ ಕೈಯಲ್ಲಿ ಅವನ ಹಿಂದೆ ಓಡುತ್ತಿದ್ದೆ. ಹಿಂದೆ ಇರುವುದು ನಾನೆಂಬುದು ಅವನಿಗೆ ಮರೆತೇ ಹೋಗಿತ್ತು. ಎದುರಿನ ರಸ್ತೆಗೆ ಮುಖ ಮಾಡಿಯೇ ಕೇಳಿದ.

“ಕಾಲು ನೋಯ್ತನೆ? ಒಂಚೂರು ನಿತ್ಗಳನ.”

ನಾನು ಓಡಿಹೋಗಿ ತುದಿಯನ್ನು ಮತ್ತೆ ಹಿಡಿದುಕೊಂಡು, ಕೆಲಸ ಮುಗಿಯುವ ತನಕ ಬಿಡಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಹತ್ತಿರ ಕುಳಿತು ಮೆಲ್ಲಗೆ ಹೇಳಿದೆ. ಅತ್ತೆ, ಆ ತುದಿಯಲ್ಲಿ ಏನೂ ಭಾರವಿಲ್ಲ, ಅದನ್ನು ಯಾರೂ ಹಿಡಿಯಬೇಕಾಗಿಯೇ ಇಲ್ಲ ಎಂದೆ. ಅವಳು ಅಡುಗೆಮನೆಯ ಕಡೆ ನೋಡಿದಳು. ಮಾವ ಅಲ್ಲಿ ಚಾಕ್ಕೆ ನೀರಿಡುತ್ತಿದ್ದ.

“ಭಾರ ಇಲ್ಲೆ ಹೇಳದು ಎಂಗೆ ಮೊದಲ್ನೇ ದಿನವೇ ಗೊತ್ತಿತ್ತು. ನೀನು ಅವರ ಹತ್ರ ಹೇಳಲೆ ಹೋಗಡ ಕೂಸೆ. ನಾಚ್ಕ್ಯಂಡು ಒಬ್ರೇ ಹೋಪಲೆ ಸುರು ಮಾಡ್ತ.”

ಇಷ್ಟು ವರ್ಷ ಇವನು ಸುಳ್ಳು ಹೇಳಿ ಅವಳನ್ನು ಕರೆದುಕೊಂಡು ಹೋದ, ಅವಳು ಸುಳ್ಳೆಂದು ತಿಳಿದೇ ಹೋದಳು. ನನಗೆ ಇಬ್ಬರ ಮೇಲೂ ಎಷ್ಟು ಪ್ರೀತಿ ಉಕ್ಕಿತೆಂದರೆ, ಮಾವ ಮಾಡಿದ ಆ ಕೆಟ್ಟ ಚಾವನ್ನೂ ಎರಡು ಲೋಟ ಕುಡಿದೆ.

ಮರುದಿನ ನಾನು ಶಾಲೆಗೆ ಹೊರಟಾಗ ಅವರ ಮನೆಯ ಮುಂದೆ ದೋಟಿ ಹೊರಟು ನಿಂತಿತ್ತು. ಬೀದಿಯ ಕೊನೆಯ ಔಷಧಿ ಅಂಗಡಿಯವರೆಗೆ ಮಾತ್ರ, ಅದಕ್ಕಿಂತ ದೂರದ ಕೆಲಸ ಇನ್ನು ಮೇಲೆ ಒಪ್ಪುವುದಿಲ್ಲ ಎಂದ ಮಾವ. ಅತ್ತೆ ಮಂಡಿಗೆ ಪಟ್ಟಿ ಸುತ್ತಿಕೊಂಡು, ಸೆರಗು ಸಿಕ್ಕಿಸಿ, ಹಿಂದಿನ ತುದಿಯ ಮೇಲೆ ಕೈಯಿಟ್ಟಳು. ಇಟ್ಟಳು ಎನ್ನುವುದಕ್ಕಿಂತ ಊರಿಕೊಂಡಳು ಎನ್ನಬೇಕು. ಮುಂದಿನ ಹೆಗಲು ಅದನ್ನೂ ತಡೆದುಕೊಂಡಿತು. ಮಾವ ಹೆಜ್ಜೆ ಇಟ್ಟ, ನಿಂತ, ಮತ್ತೊಂದು ಹೆಜ್ಜೆ ಇಟ್ಟ. ಹಿಂದೆ ಆಟೋದವರು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದರು. ಅದು ಅವನಿಗೆ ಕೇಳಿಸುತ್ತಿರಲಿಲ್ಲ. ಅತ್ತೆ ಏನೋ ಹೇಳುತ್ತಿದ್ದಳು.