ಸೊರಬದ ಬಾವುಟ, ನನ್ನ ಲುಂಗಿ

ಬಾವುಟದ ಹುಟ್ಟನ್ನು ಕೆದಕಬಾರದೆಂಬ ವಿವೇಕ ನನಗೆ ಬಂದದ್ದು ತಡವಾಗಿ. ನಾಡಿನ ಹಳದಿ-ಕೆಂಪು ಬಾವುಟಕ್ಕೇ ಸರ್ಕಾರದ ಮೊಹರು ಬಿದ್ದಿಲ್ಲ. ಆಟೋಗಳ ಮೇಲೆ, ಸರ್ಕಲ್ಲಿನ ಕಂಬದ ಮೇಲೆ ಅದರ ಪಾಡಿಗೆ ಅದು ಹಾರುತ್ತಿದೆ. ನಮ್ಮ ಮನೆಯಂತೂ ಒಡೆದ ನಾಡು: ನಾನು ಶಿಕಾರಿಪುರ, ಹೆಂಡತಿ ಸೊರಬ. ರಾಜ್ಯೋತ್ಸವಕ್ಕೆ ಎರಡೂ ಊರಿನ ವಾಲಿಬಾಲ್ ಪಂದ್ಯ ನಡೆಯುವ ದಿನ ಗಡಿರೇಖೆ ಅಡುಗೆಮನೆಯ ನಡುವೆಯೇ ಹಾದುಹೋಗುತ್ತದೆ.

ಈ ಸಲ ಸೊರಬದವರು ಟೆಂಪೊ ಇಳಿದಾಗ ಅವರ ಕೈಯಲ್ಲಿ ಸ್ವಂತ ಬಾವುಟವಿತ್ತು. ಹಸಿರು ಬಟ್ಟೆ, ನಡುವೆ ಬಿಳಿ ಪಟ್ಟಿ. ಹಿಡಿದವನು ನನ್ನ ಭಾಮೈದ ಶಿವು. "ಹಸಿರು ಅಂದ್ರೆ ಚಂದ್ರಗುತ್ತಿ ಗುಡ್ಡ, ಭಾವ. ಬಿಳಿ ಅಂಬ್ಲಿಗೊಳದ ನೀರು" ಎಂದ. ನಮ್ಮ ತಂಡದ ಕ್ಯಾಪ್ಟನ್ ಬಸಣ್ಣ ಹಾರಿಬಿದ್ದ: "ಅಂಬ್ಲಿಗೊಳ ನಮ್ದಲೇ ತಮ್ಮಾ! ಗುಡ್ಡ ಇಟ್ಕೋ, ನೀರು ಬಿಡು!" ಶಿವು ನಿಂತಲ್ಲೇ ಇತಿಹಾಸ ತಿದ್ದಿದ: "ಹಂಗಾರೆ ಬಿಳಿ ಅಂದ್ರೆ ಅನ್ನ."

ನಮಗೋ ಬಾವುಟವೇ ಇಲ್ಲ. ನಮ್ಮವರ ಮುಖ ಬಾಡಿತು. ಆಗ ನನಗೆ ಯುಗಾದಿಯಿಂದ ಕಾಣೆಯಾಗಿದ್ದ ನನ್ನ ಲುಂಗಿ ನೆನಪಾಯಿತು. ಹಸಿರು, ಬಿಳಿ ಪಟ್ಟಿ; ಒಗೆದೊಗೆದು ಬೆಣ್ಣೆಯಾಗಿತ್ತು, ಅದಿಲ್ಲದೆ ನನಗೆ ಭಾನುವಾರವೇ ಇರಲಿಲ್ಲ. ಹಬ್ಬಕ್ಕೆ ಹೋದಾಗ ಸೊರಬದ ಮಾವನ ಮನೆಯ ಹಗ್ಗದ ಮೇಲೆ ಅದು ಒಣಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನೆನಪು ಅಷ್ಟು ಚೊಕ್ಕವಾಗಿ ಬಂದಾಗಲೇ ಅನುಮಾನಪಡಬೇಕಿತ್ತು. "ಅದು ನನ್ನ ಲುಂಗಿ!" ಎಂದು ಕೂಗಿಬಿಟ್ಟೆ.

ಮೈದಾನ ಎದ್ದು ಕುಣಿಯಿತು. "ಬಾವುಟ ಬಿಗಿಯಾಗಿ ಕಟ್ಕೊಳ್ರೋ, ಉದುರೀತು!" ನಾಚಿದ ಸೊರಬದವರ ಸರ್ವೀಸೆಲ್ಲ ನೆಟ್ಟಿಗೆ ಬಿತ್ತು, ನಾವು ಗೆದ್ದೆವು. ಶಿವುವನ್ನು ಪಕ್ಕಕ್ಕೆ ಕರೆದು ಲುಂಗಿ ವಾಪಸ್ ಕೇಳಿದೆ. "ಬಾವುಟನ ಸೊಂಟಕ್ಕೆ ಸುತ್ಕೊಳ್ತಾರಾ ಭಾವ? ಮರ್ಯಾದೆ ಬೇಡ್ವಾ?" ಎಂದು ಟೆಂಪೊ ಹತ್ತಿದ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಬೀರುವಿನ ತಳದಿಂದ ಏನನ್ನೋ ಎಳೆದು ಮಂಚದ ಮೇಲೆಸೆದಳು. ಹಸಿರು, ಬಿಳಿ ಪಟ್ಟಿ. "ಹಂಗಾರೆ ಇದೇನ್ರೀ? ನನ್ ತಮ್ಮ ಸಂತೇಲಿ ಬಟ್ಟೆ ತಗಂಡು ಹೊಲ್ಸಿದ್ದು ಆ ಬಾವುಟ. ಊರಿನ ಮುಂದೆ ಅವನ ಮಾನ ತೆಗೆದ್ರಲ್ಲ. ಹೋಗಿ ನಿಜ ಹೇಳಿ ಬನ್ನಿ."

ಹೇಳಲೆಂದೇ ಹೊರಟೆ. ಆದರೆ ಹೋಟೆಲಿನ ಮುಂದೆ ಬಸಣ್ಣ ಗುಂಪು ಕಟ್ಟಿಕೊಂಡು, "ನಮ್ ಮೇಷ್ಟ್ರ ತಾತನ ಕಾಲದ ಲುಂಗಿ ರೀ ಅದು!" ಎನ್ನುತ್ತಿದ್ದ. ನನ್ನ ತಾತ ಜನ್ಮದಲ್ಲಿ ಲುಂಗಿ ಉಟ್ಟವರಲ್ಲ. ಎಲ್ಲರೂ ಎದ್ದು ನನಗೆ ಕುರ್ಚಿ ಕೊಟ್ಟರು. ಕೂತೆ.

ಈಗ ಬೀರುವಿನಲ್ಲಿ ಸಿಕ್ಕ ಲುಂಗಿಯುಟ್ಟು ಹೊಸ್ತಿಲು ದಾಟಿದರೆ ಶಿಕಾರಿಪುರದ ಮಾನ ಹೋಗುತ್ತದೆ. ಭಾನುವಾರ ಕದ ಹಾಕಿಕೊಂಡು ಒಳಗೇ ಉಡುತ್ತೇನೆ. ಸಂಜೆ ಹೆಂಡತಿ ಕಾಫಿ ತಂದಿಟ್ಟು, ನೆಟ್ಟಗೆ ನಿಂತು, ನನ್ನ ಸೊಂಟಕ್ಕೊಂದು ಸಲ್ಯೂಟ್ ಹೊಡೆದು ಕೇಳುತ್ತಾಳೆ: "ಹೊತ್ತು ಮುಳುಗ್ತು, ಇಳಿಸಲ್ವೇನ್ರೀ?"