ಬೋಡಿಗುಡ್ಡದ ಗಣಿ ಮೇಯಲು ಹೋದ ಸಂಗತಿ

ಹಿಂದೂಪುರದಿಂದ ಕಲ್ಯಾಣದುರ್ಗದ ಸೀಮೆಯ ಬೋಡಿಗುಡ್ಡದವರೆಗೆ ಹಾಕಿದ ಸರಕು ರೈಲು ಮಾರ್ಗವು ಸಕಲ ನಿಯಮಗಳ ಪ್ರಕಾರವೇ ಆರಂಭವಾಯಿತು. ಅದರಲ್ಲಿ ಸಾಗಿಸಲು ಸರಕು ಇಲ್ಲವೆಂಬುದು ಆಮೇಲೆ ಗೊತ್ತಾಯಿತು. ಗೊತ್ತಾದದ್ದೂ ನಿಯಮಗಳ ಪ್ರಕಾರವೇ.

ಅದು ಎರಡನೇ ಪಂಚವಾರ್ಷಿಕ ಯೋಜನೆಯ ಕಾಲ. ದೇಶಕ್ಕೆ ಫಾಸ್ಫೇಟು ಬೇಕಾಗಿತ್ತು. ಫಾಸ್ಫೇಟು ಎಂದರೆ ಪುಡಿ ಮಾಡಿ ಪೈರಿಗೆ ಹಾಕುವ ಒಂದು ಬಗೆಯ ಕಲ್ಲು. ಇರುವ ಕಡೆ ನೆಲದೊಳಗೆ ಇರುತ್ತದೆ, ಇಲ್ಲದ ಕಡೆ ಇರುವುದಿಲ್ಲ. ಅದನ್ನು ಹುಡುಕಲು ಫಾಸ್ಫೇಟು ಮಂಡಳಿ ಎಂಬುದೊಂದು ಹಿಂದೂಪುರದಲ್ಲಿ ಸ್ಥಾಪನೆಯಾಗಿ, ಅದಕ್ಕೊಂದು ಕಟ್ಟಡ, ಒಂದು ಜೀಪು, ಒಂದು ಮೊಹರು ಮತ್ತು ಸುಬ್ಬರಾಯಪ್ಪನವರೆಂಬ ವಿಶೇಷಾಧಿಕಾರಿಗಳು ದೊರೆತ ಮೇಲೆ ಕಲ್ಲು ಸಿಗದೆ ಇರುವುದು ಸಾಧ್ಯವಿರಲಿಲ್ಲ.

ಮಂಡಳಿಯ ಸರ್ವೆಯರು ಬೋಡಿಗುಡ್ಡಕ್ಕೆ ಬಂದದ್ದು ದೀಪಾವಳಿ ಕಳೆದ ಮೇಲೆ, ಒಂದು ಬಿಸಿಲು ದಿನ. ಗುಡ್ಡದ ಮೈಯೆಲ್ಲ ಹಾಸುಬಂಡೆ. ಹಾರೆ ಹಾಕಿದರೆ ಹಾರೆಯ ಮೂತಿ ಮಡಚುತ್ತಿತ್ತು. ನೆತ್ತಿಯ ಮೇಲಿನ ಒಂದು ಮಟ್ಟಸ ಜಾಗದಲ್ಲಿ ಮಾತ್ರ ನೆಲ ಕರ್ರಗೆ, ಮೆತ್ತಗೆ ಇತ್ತು. ಸರ್ವೆಯರು ಅಲ್ಲಿಯೇ ಅಗೆಸಿ ಚೀಲ ತುಂಬಿಸಿಕೊಂಡು, ಸುತ್ತ ಎಲ್ಲೂ ನೆರಳಿಲ್ಲದ ಕಾರಣ ಬೇಗ ಹೊರಟರು.

ಆ ಜಾಗ ನರಸಕ್ಕನ ಕುರಿದೊಡ್ಡಿ. ಅವಳ ಗಂಡ ಬೈಲಪ್ಪ, ಅವನ ಅಪ್ಪ, ಅವನ ತಾತ ಎಲ್ಲರೂ ಮಳೆಗಾಲದುದ್ದಕ್ಕೂ ಕುರಿಗಳನ್ನು ರಾತ್ರಿ ಅಲ್ಲಿ ತರುಬಿ ಮಲಗಿಸಿದವರು. ಬೈಲಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಅವನು ಕಂಬಳಿ ಹಾಸುತ್ತಿದ್ದ ಮೂಲೆಯಲ್ಲಿ ಆಮೇಲೆ ಯಾರೂ ಮಲಗಿರಲಿಲ್ಲ. ಕುರಿಗಳೂ ಅಷ್ಟು ಜಾಗ ಬಿಟ್ಟು ಒತ್ತೊತ್ತಾಗಿ ಮಲಗುತ್ತಿದ್ದವು. ಚೀಲ ತುಂಬುತ್ತಿದ್ದಾಗಲೇ ನರಸಕ್ಕ ಸರ್ವೆಯರ ಹತ್ತಿರ ಹೋಗಿ, ಇದು ಕಲ್ಲಲ್ಲ, ಕುರಿಯ ಹಿಕ್ಕೆ, ತಲೆಮಾರುಗಳಿಂದ ಬಿದ್ದದ್ದು ಎಂದು ಹೇಳಿದಳು. ಅವರು ಗಮನವಿಟ್ಟು ಕೇಳಿಸಿಕೊಂಡರು. ವರದಿಯಲ್ಲಿ, “ನಿಕ್ಷೇಪವು ಬಹಳ ಪುರಾತನವಾದುದೆಂದು ಸ್ಥಳೀಯರೂ ಒಪ್ಪುತ್ತಾರೆ” ಎಂದು ಬಂದಿತು.

ಚೀಲವನ್ನು ಪರೀಕ್ಷಿಸಿದಾಗ ಫಾಸ್ಫೇಟು ನಿಜವಾಗಿಯೂ ಸಿಕ್ಕಿತು. ಹಿಕ್ಕೆಯಲ್ಲಿ ಅದು ಇದ್ದೇ ಇರುತ್ತದೆ. ಪರೀಕ್ಷಿಸಿದವರ ಕೆಲಸ ಅದು ಇದೆಯೇ ಎಂದು ನೋಡುವುದಾಗಿತ್ತು, ಹೇಗೆ ಬಂತೆಂದು ವಿಚಾರಿಸುವುದಲ್ಲ. ಹೀಗಾಗಿ ಹಳಿ ಬಂತು, ಗುಡ್ಡದ ಬುಡದಲ್ಲಿ ಸ್ಟೇಷನ್ ಬಂತು, ಅದಕ್ಕೆ ಅಮರೇಶಪ್ಪನವರೆಂಬ ಸ್ಟೇಷನ್ ಮಾಸ್ಟರೂ ಬಂದರು. ಮೊದಲನೆಯ ರೈಲು ಮಾವಿನ ಸೊಪ್ಪು ಕಟ್ಟಿಕೊಂಡು ಬಂದು ದೊಡ್ಡಿಯನ್ನು ಪೂರ್ತಿಯಾಗಿ ತುಂಬಿಕೊಂಡು ಹೋಯಿತು. ಎರಡನೆಯ ರೈಲಿಗೆ ಕೂಲಿಗಳು ಪೊರಕೆಯಿಂದ ಗುಡಿಸಿದರು. ಕೆಳಗೆ ಬಂಡೆ ಕಂಡಿತು. ಉದ್ಘಾಟನೆಯ ಪೆಂಡಾಲು ಬಿಚ್ಚುವ ಮೊದಲೇ ಗಣಿ ಮುಗಿದಿತ್ತು.

ಸರಕಿಲ್ಲದ ಮಾರ್ಗವನ್ನು ಕೀಳಬೇಕು, ಅದರ ಅಧಿಕಾರಿಗಳು ತಮ್ಮ ಹಳೆಯ ಕೆಲಸಕ್ಕೆ ಮರಳಬೇಕು ಎಂದು ನಿಯಮವಿತ್ತು. ಸುಬ್ಬರಾಯಪ್ಪನವರು ಹಿಂದೆ ಸಂತೆಗಳಲ್ಲಿ ತಕ್ಕಡಿಗಳಿಗೆ ಮುದ್ರೆ ಒತ್ತುವ ಗುಮಾಸ್ತರಾಗಿದ್ದರು. ಜೀಪಿನಲ್ಲಿ ಕುಳಿತ ಮನುಷ್ಯನನ್ನು ಮತ್ತೆ ತಕ್ಕಡಿಯ ಮುಂದೆ ಕುಕ್ಕರಿಸುವುದು ನ್ಯಾಯವೆಂದು ಯಾರಿಗೂ, ವಿಶೇಷವಾಗಿ ಅವರಿಗೆ, ಅನ್ನಿಸಲಿಲ್ಲ. ಅವರು ಸ್ವತಃ ತನಿಖೆ ನಡೆಸಿದರು. ಮಂದೆ ಎಲ್ಲಿ ರಾತ್ರಿ ತಂಗುತ್ತದೆಯೋ ಅಲ್ಲಿ ಬೆಳಿಗ್ಗೆ ಹೊತ್ತಿಗೆ ಖನಿಜ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದು ತನಿಖೆಯಿಂದ ಸ್ಥಿರಪಟ್ಟಿತು. ಅನಂತರ ಕಲ್ಯಾಣದುರ್ಗದ ಬಸ್ಸು ನಿಲ್ಲುವಲ್ಲಿ ಈ ಪ್ರಕಟಣೆಯನ್ನು ಅಂಟಿಸಲಾಯಿತು:

“ಬೋಡಿಗುಡ್ಡದ ಗಣಿಯು ಬರಿದಾಗಿದೆ ಎಂಬ ವದಂತಿಗೆ ಆಧಾರವಿರುವುದಿಲ್ಲ. ಸದರಿ ಗಣಿಯು ಸಂಚಾರಿ ಸ್ವಭಾವದ್ದಾಗಿದ್ದು, ಪ್ರಸ್ತುತ ಬೈಲಪ್ಪನ ಹೆಂಡತಿ ನರಸಕ್ಕ ಎಂಬುವರ ಕುರಿಮಂದೆಯಲ್ಲಿ ನೆಲೆಸಿರುತ್ತದೆ. ಆದಕಾರಣ ಸದರಿ ಮಂದೆಯನ್ನು ಗಣಿ ಎಂದು ಘೋಷಿಸಲಾಗಿದೆ. ಮಂಡಳಿಯ ಅನುಮತಿಯಿಲ್ಲದೆ ಗಣಿಯನ್ನು ಮಾರುವುದು, ಗಡಿಯಾಚೆ ಅಟ್ಟುವುದು ಮತ್ತು ಗಣಿಯ ಉಣ್ಣೆ ಕತ್ತರಿಸುವುದು ಅಪರಾಧವಾಗಿರುತ್ತದೆ.”

ನರಸಕ್ಕನಿಗೆ ಕಬ್ಬಿಣದ ಟೋಪಿಯನ್ನು ಕೊಟ್ಟರು. ಗಣಿಯಲ್ಲಿ ಕೆಲಸ ಮಾಡುವವರ ತಲೆಗೆ ಅದು ಇರಲೇಬೇಕು. ಅವಳು ಅದರಲ್ಲಿ ಹಾಲು ಕರೆಯುತ್ತಿದ್ದಳು. ಒಂದು ಮುದಿ ಕುರಿ ಸತ್ತಾಗ ಅದನ್ನು ಗಣಿ ಕುಸಿತವೆಂದು ದಾಖಲಿಸಿ ಮಂಡಳಿಯು ಸಂತಾಪ ಸೂಚಿಸಿತು. ಮಂದೆ ಒಮ್ಮೆ ತಪ್ಪಿಸಿಕೊಂಡು ಬ್ರಹ್ಮಸಮುದ್ರದ ಕಡೆ ಯರ್ರಿಸ್ವಾಮಿ ಎಂಬುವನ ಕಡಲೆಕಾಯಿ ಹೊಲಕ್ಕೆ ನುಗ್ಗಿತು. ಇದು ಗಣಿ ವಿಸ್ತರಣೆ. ಗಣಿ ಪ್ರದೇಶದಲ್ಲಿ ಕಡಲೆಕಾಯಿ ಬೆಳೆದದ್ದೇಕೆ ಎಂದು ಯರ್ರಿಸ್ವಾಮಿಗೆ ನೋಟೀಸು ಹೋಯಿತು. ಅವನು ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿದ.

ತೊಡಕು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಬೋಡಿಗುಡ್ಡದ ಹುಲ್ಲು ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಪ್ರತಿ ವರ್ಷ ಕುರುಬರು ಮಂದೆ ಹೊಡೆದುಕೊಂಡು ಹಿಂದೂಪುರದ ಪಕ್ಕದ ಪರಿಗಿ ಕೆರೆಯ ಕೆಳಗಿನ ಗದ್ದೆಗಳಿಗೆ ಇಳಿಯುತ್ತಾರೆ. ಅಲ್ಲಿ ಭತ್ತದ ಕೂಳೆ ಇರುತ್ತದೆ, ನೀರಿರುತ್ತದೆ. ಗೊಬ್ಬರಕ್ಕೆಂದು ರಾತ್ರಿ ಗದ್ದೆಯಲ್ಲಿ ಮಂದೆ ತರುಬಿದ್ದಕ್ಕೆ ರೈತರು ಭತ್ತ ಅಳೆದು ಕೊಡುತ್ತಾರೆ. ಇಳಿಯದೆ ನಿಂತರೆ ಯುಗಾದಿಯ ಹೊತ್ತಿಗೆ ಮಂದೆ ಇರುವುದಿಲ್ಲ. ನರಸಕ್ಕನಿಗೆ ಮಕ್ಕಳಿಲ್ಲ, ಹೊಲವಿಲ್ಲ. ಬೈಲಪ್ಪ ಬಿಟ್ಟುಹೋದದ್ದು ಈ ಮಂದೆಯೊಂದೇ. ಅವಳು ಸ್ಟೇಷನ್ನಿಗೆ ಬಂದು, ನಾಳೆ ಪರಿಗಿ ಕಡೆ ಹೋಯ್ತೀನಿ ಎಂದು ಹೇಳಿದಳು.

“ಗಣಿ ಎಲ್ಲಾದ್ರೂ ಊರೂರು ತಿರಗ್ತೈತಾ ಅಕ್ಕಾ?” ಎಂದರು ಅಮರೇಶಪ್ಪನವರು. “ಇದ್ದ ಕಡೆ ಇರ್ಬೇಕು. ಅದುಕ್ಕೇ ಅದನ್ನ ಗಣಿ ಅನ್ನೋದು.”

“ಇದ್ದ ಕಡೆ ಇದ್ರೆ ಸತ್ತೋಯ್ತೈತೆ ಕಣಪ್ಪ ನಿನ್ ಗಣಿ. ಹೊಟ್ಟೆ ಐತೆ ಅದುಕ್ಕೆ.”

ಅಮರೇಶಪ್ಪನವರು ಒಳ್ಳೆಯ ಮನುಷ್ಯ. ದಿನಾ ಬೆಳಿಗ್ಗೆ ಅವಳು ತಂದ ಕುರಿಹಾಲಿನಲ್ಲೇ ಅವರ ಕಾಫಿ. ಗಣಿಗೆ ಹಸಿವಾಗಿದೆ ಎಂದು ಅವರು ಹಿಂದೂಪುರಕ್ಕೆ ತಿಳಿಸಿದರು. ಗಣಿಗೆ ಹುಲ್ಲಿನ ಬಾಬ್ತು ಅವಕಾಶವಿರುವುದಿಲ್ಲ ಎಂದು ಉತ್ತರ ಬಂತು. ಈ ನಡುವೆ ಹಸಿದ ಕುರಿಗಳು ಖನಿಜವನ್ನು ಬಹಳ ಕಡಿಮೆ ಕೊಡತೊಡಗಿದ್ದವು. ತೂಕ ಯಾಕೆ ಇಳಿಯಿತೆಂದು ಮೇಲಿನವರು ಸುಬ್ಬರಾಯಪ್ಪನವರನ್ನು ಕೇಳಿದರು. ಅವರು ಒಂದು ಮಧ್ಯಾಹ್ನ ಯೋಚಿಸಿ ಹೊಸ ಆಜ್ಞೆ ಹೊರಡಿಸಿದರು. ಇನ್ನು ಮುಂದೆ ಅದಿರನ್ನು ಅದು ಹುಟ್ಟುವ ಪಾತ್ರೆಯ ಸಮೇತ ಸಾಗಿಸತಕ್ಕದ್ದು. ಅಂದರೆ ಮಂದೆಯನ್ನೇ ವ್ಯಾಗನ್ನುಗಳಿಗೆ ಹತ್ತಿಸಿ, ಹಾಗೆಯೇ ತೂಕ ಹಾಕಿ, ಹಿಂದೂಪುರದ ಗಿರಣಿಗೆ ಪುಡಿ ಮಾಡಲು ಕಳಿಸತಕ್ಕದ್ದು.

ಪುಡಿ ಎಂಬ ಮಾತು ಕೇಳಿ ನರಸಕ್ಕ ಹೋಗಿ ಎಂಜಿನ್ನಿನ ಮುಂದೆ ಹಳಿಯ ಮೇಲೆ ಕುಳಿತಳು. ಡ್ರೈವರು ಸೀಟಿ ಹಾಕಿದ. ಅವಳು ಎಲೆಯಡಿಕೆ ಹಾಕಿಕೊಂಡಳು. ಅಮರೇಶಪ್ಪನವರು ಪಕ್ಕದಲ್ಲಿ ಕುಕ್ಕರಿಸಿ, ಗಿರಣಿಯನ್ನು ಇನ್ನೂ ಕಟ್ಟಿಲ್ಲವೆಂದೂ, ಅದಕ್ಕೆ ಅಡಿಗಲ್ಲು ಮಾತ್ರ ಹಾಕಿದೆಯೆಂದೂ, ಕಟ್ಟುವ ತನಕ ಬಂದ ಮಾಲನ್ನು ಬಯಲಿನಲ್ಲಿ ದಾಸ್ತಾನು ಮಾಡಬೇಕೆಂದೂ, ಮಂಡಳಿಯು ಅದಕ್ಕೆ ಗೊತ್ತುಮಾಡಿದ ಬಯಲು ಪರಿಗಿ ಕೆರೆಯ ಕೆಳಗಿನ ಗದ್ದೆಯೆಂದೂ ತಿಳಿಹೇಳಿದರು. ಗದ್ದೆಯಲ್ಲಿ ಕೂಳೆ ಇದೆಯೇ ಎಂದು ಅವಳು ವಿಚಾರಿಸಿದಳು. ಇದೆ ಎಂದರು.

“ಗಿರಣಿ ಯಾವಾಗ ಕಟ್ತಾರಪ್ಪ?”

“ಈಗಿನ ಮರಿ ಮುದಿಯಾಗಿ ಸಾಯೋವರ್ಗೂ ಭಯ ಇಲ್ಲ. ಏಳು ತಾಯಿ, ಮೇಲೆ ಏಳು.”

ಅವಳು ಎದ್ದಳು. ಆದರೆ ಕುರಿಗಳು ಅವಳಿಲ್ಲದೆ ವ್ಯಾಗನ್ನಿನಲ್ಲಿ ನಿಲ್ಲುವುದಿಲ್ಲ, ಹೊರಗೆ ಹಾರುತ್ತವೆ. ಖನಿಜದ ರೈಲಿನಲ್ಲಿ ಮನುಷ್ಯರು ಪ್ರಯಾಣ ಮಾಡುವಂತಿಲ್ಲ. ಅಮರೇಶಪ್ಪನವರು ನಿಯಮಗಳನ್ನು ಎರಡು ಸಲ ಓದಿದರು. ಅಗೆದ ಅದಿರಿಗೆ ಒಂದಿಷ್ಟು ಮಣ್ಣು ಅಂಟಿಕೊಂಡಿರುವುದು ಸಹಜ, ಅದನ್ನು ಜೊತೆಗೇ ಸಾಗಿಸಬಹುದು ಎಂದು ಅಲ್ಲಿತ್ತು. ಆದ್ದರಿಂದ ನರಸಕ್ಕನನ್ನು ಅದಿರಿಗೆ ಅಂಟಿದ ಮಣ್ಣು ಎಂದು ನಮೂದಿಸಿ ಹತ್ತಿಸಲು ಅಡ್ಡಿಯಿರಲಿಲ್ಲ.

“ಏನಾರ ಬರ್ಕೊಳಪ್ಪ,” ಎಂದಳು ಅವಳು. “ಕೊನೇಗೆ ಆಗೋದು ಅದೇ ತಾನೆ.”

ಹೀಗೆ ಬೋಡಿಗುಡ್ಡದ ಗಣಿಯು ಸಂಕ್ರಾಂತಿಯ ನಂತರ ರೈಲಿನಲ್ಲಿ ಪರಿಗಿಗೆ ಮೇಯಲು ಹೋಗುವುದು, ಮಳೆ ಬಿದ್ದ ಮೇಲೆ “ದರ್ಜೆ ಸಾಲದೆ ವಾಪಸಾದ ಮಾಲು” ಎಂಬ ಹೆಸರಿನಲ್ಲಿ ಗುಡ್ಡಕ್ಕೆ ಮರಳುವುದು ರೂಢಿಯಾಯಿತು. ಹೋಗುವಾಗಲೂ ಬರುವಾಗಲೂ ತೂಕ ಸಿಗುತ್ತಿದ್ದುದರಿಂದ ಮಾರ್ಗವು ಎರಡು ಪಟ್ಟು ಪ್ರಗತಿ ಸಾಧಿಸಿತು. ಹಳಿಯ ಪಕ್ಕದ ಊರಾದ ಕುಂದುರ್ಪಿಯ ಜನ ರೈಲಿನ ಸದ್ದು ಕೇಳಿದರೆ, ಗಣಿ ನೀರು ಕುಡಿಯೋಕೆ ಹೊಂಟೈತೆ ಎಂದು ಹೇಳುವಷ್ಟು ಇದು ಮಾಮೂಲಾಯಿತು.

ಒಂದು ಸಣ್ಣ ವಿಷಯ ಉಳಿದಿತ್ತು. ತೆರೆದ ವ್ಯಾಗನ್ನಿನಿಂದ ಅದಿರು ದಾರಿಯಲ್ಲಿ ಸ್ವಲ್ಪ ಉದುರುತ್ತದೆ. ಇದಕ್ಕೆ ಸಾಗಣೆ ನಷ್ಟ ಎನ್ನುತ್ತಾರೆ. ನಿಯಮಗಳು ಇದನ್ನು ಒಪ್ಪಿಕೊಂಡಿವೆ. ಮಾರ್ಗದ ಸಿಬ್ಬಂದಿ ಈ ನಿಯಮವನ್ನು ಮಾತ್ರ ಅಕ್ಷರಶಃ ಪಾಲಿಸುತ್ತಿದ್ದರು. ಎಂಜಿನ್ನು ನೀರು ಕುಡಿಯಲು ನಿಂತ ಕಡೆಯೆಲ್ಲ ಒಂದೊಂದು ನಷ್ಟ ಸಂಭವಿಸಿ, ಸ್ವಲ್ಪ ಹೊತ್ತಿಗೆ ಕ್ವಾರ್ಟರ್ಸಿನ ಹಿತ್ತಲಿನಿಂದ ಮಸಾಲೆಯ ವಾಸನೆ ಬರುತ್ತಿತ್ತು. ಹಿಂದೂಪುರದಲ್ಲಿ ಸುಬ್ಬರಾಯಪ್ಪನವರ ಮನೆಯಲ್ಲಿ ಅವರ ಹುದ್ದೆಗೆ ತಕ್ಕಂತೆ ಹೆಚ್ಚು ನಷ್ಟವಾಗುತ್ತಿತ್ತು. ನರಸಕ್ಕ ಪ್ರತಿ ಸ್ಟೇಷನ್ನಿನಲ್ಲೂ ಜಗಳವಾಡಿದಳು. ಮಣ್ಣಿನ ಮಾತಿಗೆ ಉತ್ತರ ಕೊಡುವ ಪದ್ಧತಿ ಇರಲಿಲ್ಲ. ಒಬ್ಬ ಗಾರ್ಡು ಮಾತ್ರ ಮರ್ಯಾದೆಯಿಂದ, ಮಾಲು ಪೂರ್ತಿ ತೂಕದಲ್ಲಿ ಹೋಗಿ ತಲುಪಿದರೆ ಮೇಲಿನವರಿಗೆ ಅನುಮಾನ ಬರುತ್ತದೆ ಎಂದು ವಿವರಿಸಿದ.

ವರ್ಷಗಳು ಕಳೆದವು. ಮೂರನೇ ಯೋಜನೆ ಬಂತು. ಗಣಿ ದಿನೇ ದಿನೇ ಅಭಿವೃದ್ಧಿಯಾಗುತ್ತಿದೆ ಎಂದು ವಾರ್ಷಿಕ ವರದಿಗಳು ಹೇಳಿದವು. ಕೊನೆಗೆ ಗಣಿಯಲ್ಲಿ ಒಂದು ಹೆಣ್ಣು ಕುರಿ ಉಳಿಯಿತು. ಅದು ಗಬ್ಬವಾಗಿತ್ತು. ಅದರ ತಾಯಿಯನ್ನು ಬೈಲಪ್ಪ ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿ ಬದುಕಿಸಿದ್ದ.

ನರಸಕ್ಕ ಅದನ್ನು ಅಮರೇಶಪ್ಪನವರ ಕೈಗೆ ಒಪ್ಪಿಸಿ, ಕಲ್ಯಾಣದುರ್ಗದಿಂದ ಬಸ್ಸು ಹಿಡಿದು ಹಿಂದೂಪುರಕ್ಕೆ ಹೋದಳು. ಸುಬ್ಬರಾಯಪ್ಪನವರು ಅವಳನ್ನು ಕೂರಿಸಿ ಮಜ್ಜಿಗೆ ತರಿಸಿದರು.

“ಇದೊಂದೇ ಉಳಿದಿರೋದು ಸ್ವಾಮಿ. ಮರಿ ಹಾಕೋದೈತೆ. ಇದನ್ನ ನಷ್ಟ ಮಾಡ್ಬ್ಯಾಡಿ.”

ಸುಬ್ಬರಾಯಪ್ಪನವರಿಗೆ ನಿಜವಾಗಿಯೂ ಬೇಸರವಾಯಿತು. “ನಂಗೇನು ಆಸೇನಾ ತಾಯಿ? ನಷ್ಟ ಇಲ್ದೆ ರೈಲು ಬಂತು ಅಂದ್ರೆ, ಇಷ್ಟು ವರ್ಷ ಆದ ನಷ್ಟ ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಏನಾದ್ರೂ ಒಂದು ಉದುರ್ಲೇಬೇಕು.”

“ಕುರೀನೇ ಉದುರ್ಬೇಕಾ?”

ಇದನ್ನು ಅವರಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ನಿಯಮ ತೆಗೆದು ನೋಡಿದರು. “ಅದಿರು ಅಥವಾ ಅದಕ್ಕೆ ಅಂಟಿದ ಮಣ್ಣು” ಎಂದು ಇತ್ತು. ಮಣ್ಣಾದರೂ ನಡೆಯುತ್ತದೆ ಎಂದು ಅವರು ಸಂತೋಷದಿಂದ ಓದಿ ಹೇಳಿದರು.

ನರಸಕ್ಕ ಮಜ್ಜಿಗೆಯ ಲೋಟ ಕೆಳಗಿಟ್ಟಳು. “ಹಂಗಾದ್ರೆ ನನ್ನೇ ಉದುರಿಸ್ಬುಡಿ ಸ್ವಾಮಿ.”

ಆ ವರ್ಷ ರೈಲು ಎಂಜಿನ್ನು, ಬ್ರೇಕ್ ವ್ಯಾನು ಮತ್ತು ಎಲ್ಲ ವ್ಯಾಗನ್ನುಗಳ ಸಮೇತ ಒಂದು ಗಬ್ಬದ ಕುರಿಯನ್ನು ಹೊತ್ತು ಹಿಂದೂಪುರಕ್ಕೆ ಬಂದಿತು. ಅದಿರು ಪೂರ್ತಿ ತಲುಪಿದೆ, ಮಣ್ಣು ದಾರಿಯಲ್ಲಿ ಉದುರಿದೆ ಎಂದು ದಾಖಲಾಯಿತು. ಉದುರಿದ ಮಣ್ಣು ಕುರಿಯ ಕಿವಿ ಹಿಡಿದು ವ್ಯಾಗನ್ನಿನಿಂದ ಇಳಿಸಿ, ಸ್ಟೇಷನ್ನಿನ ನಲ್ಲಿಯಲ್ಲಿ ನೀರು ಕುಡಿಸಿ, ಪರಿಗಿಯ ದಾರಿ ಹಿಡಿಯಿತು. ಯಾರೂ ತಡೆಯಲಿಲ್ಲ. ಇಲ್ಲದವಳನ್ನು ತಡೆಯುವುದು ಹೇಗೆ? ಕುರಿಯನ್ನೂ ಯಾರೂ ಹುಡುಕಲಿಲ್ಲ. ಮಾಲು ದಾಸ್ತಾನಿನಲ್ಲಿದೆ ಎಂದು ಬರೆದಾದ ಮೇಲೆ ಹೋಗಿ ನೋಡುವುದು ಬರೆದವರ ಮೇಲೆ ಅಪನಂಬಿಕೆ ತೋರಿಸಿದಂತೆ.

ಮಳೆ ಬಂತು. ವಾಪಸು ಮಾಲನ್ನು ಹತ್ತಿಸಲು ಜೊತೆಗೆ ಅಂಟಿದ ಮಣ್ಣು ಬೇಕು, ಅದು ಉದುರಿಹೋಗಿದೆ. ಆದ್ದರಿಂದ ರೈಲು ಖಾಲಿಯಾಗಿಯೇ ಹೋಯಿತು. ಸಂಕ್ರಾಂತಿಗೆ ಹಾಗೆಯೇ ಬಂತು. ಈಗ ಸಾಗಣೆ ನಷ್ಟ ನೂರಕ್ಕೆ ನೂರು. ನಷ್ಟದ ಅಂದಾಜು ಒಂದಿಷ್ಟೂ ತಪ್ಪದ ಏಕೈಕ ಮಾರ್ಗವೆಂದು ಅದಕ್ಕೆ ಒಂದು ಫಲಕ ಕೊಟ್ಟರು. ಅಮರೇಶಪ್ಪನವರು ಅದನ್ನು ಕಿಟಕಿಯ ಪಕ್ಕ ತೂಗುಹಾಕಿ, ಕಾಫಿಯನ್ನು ಹಾಲಿಲ್ಲದೆ ಕುಡಿಯುವುದನ್ನು ಕಲಿತರು.

ಪರಿಗಿಯಲ್ಲಿ ಕುರಿ ಅವಳಿ ಮರಿ ಹಾಕಿತು. ಮರಿಗಳು ದೊಡ್ಡವಾಗಿ ಅವಕ್ಕೂ ಮರಿಗಳಾದವು. ಕಳೆದುಹೋದ ಹೆಂಗಸಿನ ಮಂದೆಗೆ ಮಂಡಳಿಯ ಯಾವ ಆಜ್ಞೆಯೂ ತಗಲುವುದಿಲ್ಲವೆಂದು ತಿಳಿದು, ಕೆರೆಯ ಕೆಳಗಿನ ರೈತರು ತಮ್ಮ ಗದ್ದೆಯಲ್ಲಿ ಮಂದೆ ತರುಬಲು ಅವಳನ್ನು ಸರದಿಯ ಮೇಲೆ ಕರೆದರು. ಭತ್ತ ಚೆನ್ನಾಗಿ ಬಂತು.

ಸುಬ್ಬರಾಯಪ್ಪನವರೂ ಅಲ್ಲಿ ಗದ್ದೆ ಕೊಂಡಿದ್ದರು. ಒಂದು ದಿನ ಅವರ ಜೀಪು ಕೆರೆ ಏರಿಯ ಮೇಲೆ ಮಂದೆಗೆ ದಾರಿ ಬಿಟ್ಟು ನಿಂತಿತು.

“ಏನಮ್ಮಾ ನರಸಕ್ಕ, ನೀನಿನ್ನೂ ಯಾರ ಕೈಗೂ ಸಿಕ್ಕಿಲ್ಲ ತಾನೆ?”

“ಇಲ್ಲ ಸ್ವಾಮಿ.”

“ಒಳ್ಳೇದು. ಮಂಡಳಿ ಗೊಬ್ಬರ ಯಾವ ಕಾಲಕ್ಕೆ ಬರ್ತದೋ ಏನೋ. ನಾಳೆ ನಮ್ಮ ಗದ್ದೇಲಿ ಮಂದೆ ಹಾಕು.”

“ಆಗ್ಲಿ, ಬತ್ತೀನಿ. ನಮ್ಮ ಕುರಿ ಮಲಗೋ ಕಡೆ ಒಂದು ಮೂಲೆ ಖಾಲಿ ಬಿಡ್ತವೆ, ಅಷ್ಟು ಜಾಗಕ್ಕೆ ಗೊಬ್ಬರ ಬೀಳಲ್ಲ,” ಎಂದಳು ನರಸಕ್ಕ. “ಅದನ್ನ ನಷ್ಟಕ್ಕೆ ಬರ್ಕೊಳಿ.”

ಸುಬ್ಬರಾಯಪ್ಪನವರು ಬರೆದುಕೊಂಡರು.